ಬೋರಕ್ಕನ ಬದುವಿನ ಹುಲ್ಲು

ಸಿದ್ರಾಮಪ್ಪ ಮೇಷ್ಟ್ರು ಕುರ್ಚಿಯ ಮೇಲೆ ನೆಟ್ಟಗೆ ಕೂತದ್ದನ್ನು ನಾನು ಕಂಡಿಲ್ಲ. ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವರು ಊಟದ ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಓಡಾಡುತ್ತಲೇ ಮುಗಿಸುತ್ತಿದ್ದರು. ಒಣಗಲು ಒತ್ತಿಟ್ಟ ಗಿಡಗಳನ್ನು ದಿನಕ್ಕೆ ನಾಲ್ಕು ಸಲ ಬಿಚ್ಚಿ ನೋಡಿ, “ಒಳಗೆ ಏನ್ ನಡೀತೈತೋ ಯಾವನಿಗ್ ಗೊತ್ತು” ಅನ್ನುತ್ತಿದ್ದರು. ನಾನು ಮೊದಲು ಅವರ ವಿದ್ಯಾರ್ಥಿ, ಆಮೇಲೆ ಅದೇ ವಿಭಾಗದ ಸಹಾಯಕ. ಒಣಗಿದ ಗಿಡವನ್ನು ಹಾಳೆಗೆ ಹೊಲಿದು, ಅವರು ಬರೆದ ಹೆಸರಿನ ಚೀಟಿ ಅಂಟಿಸಿ, ದಾಖಲೆ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ಕೊಂಡ್ಲಹಳ್ಳಿಯ ಬೋರಕ್ಕನ ಹೊಲದ ಬದುವಿನಿಂದ ಒಂದು ಗಿಡ್ಡ ಹುಲ್ಲು ತಂದರು. ತೆನೆ ಇನ್ನೂ ಎಳೆಯದು. ಪುಸ್ತಕಗಳನ್ನೆಲ್ಲ ತಿರುವಿ, ಈ ಜಿಲ್ಲೆಯಲ್ಲಿ ಯಾರೂ ಕಾಣದ ಹುಲ್ಲೆಂದು ಚೀಟಿ ಬರೆದರು. ಮರುದಿನವೇ ಮೊಪೆಡ್ಡಿನಲ್ಲಿ ನನ್ನನ್ನೂ ಕೂರಿಸಿಕೊಂಡು ಹೋಗಿ, ತೆನೆ ಬಲಿಯುವವರೆಗೆ ಬದುವಿಗೆ ಎಮ್ಮೆ ಬಿಡಬೇಡಿ ಎಂದು ಬೋರಕ್ಕನನ್ನು ಕೇಳಿಕೊಂಡರು. ಗಂಡನನ್ನು ಕಳೆದುಕೊಂಡಿದ್ದ ಅವಳ ಹೊಲಕ್ಕೆ ತಾಗಿದ್ದು ಮೈದುನನ ಹೊಲ. ಆ ಬದುವನ್ನು ಕಿತ್ತು ತನ್ನ ಕಡೆ ಸೇರಿಸಿಕೊಳ್ಳಲು ಅವನು ಹವಣಿಸುತ್ತಿದ್ದ. ಈಗ ಬೋರಕ್ಕ ಅಡ್ಡ ನಿಂತು, “ಕಾಲೇಜ್ ಪುಸ್ತಕದಾಗೆ ಈ ಬದು ಐತೆ, ಮುಟ್ಟಬ್ಯಾಡ” ಅಂದಳು. ಅವನು ಹಿಂದೆ ಸರಿದ.

ತೆನೆ ಬಲಿಯಿತು. ಭೂತಗನ್ನಡಿಗೆ ಬಗ್ಗಿದ ಮೇಷ್ಟ್ರು ಬಹಳ ಹೊತ್ತು ಮೇಲೇಳಲಿಲ್ಲ. ಅದು ನಮ್ಮ ಕಾಲೇಜಿನ ಕಾಂಪೌಂಡಿನಲ್ಲೂ ಇದ್ದ ಮಾಮೂಲಿ ಹುಲ್ಲು. ಕಲ್ಲು ನೆಲದಲ್ಲಿ ಗಿಡ್ಡಗಾಗಿ ರೂಪ ಬದಲಿಸಿತ್ತು. ಹಳೆಯ ಚೀಟಿಯನ್ನು ಹರಿಯಲೇ ಎಂದು ಕೇಳಿದೆ.

“ಬ್ಯಾಡ. ತಪ್ಪು ನನ್ದು, ಇರ್ಲಿ. ಪಕ್ಕದಾಗೆ ಸರಿಯಾದ್ದು ಅಂಟ್ಸು.”

ಅಂದು ಸಂಜೆಯವರೆಗೂ ಕಾರಿಡಾರಿನಲ್ಲಿ ಶತಪಥ ಹಾಕಿದರು. ಬೆಳಿಗ್ಗೆ ಬೋರಕ್ಕನಿಗೆ ಹೇಳಲು ಹೋದೆವು. ಅವಳು ಕೇಳಿಸಿಕೊಂಡು ತಲೆ ತಗ್ಗಿಸಿದಳು.

“ಮೈದುನಗೆ ಹೇಳ್ಬ್ಯಾಡ್ರಿ ಸಾ. ನಾಳೀಕೇ ನೇಗ್ಲು ಹೂಡ್ತಾನೆ.”

ವಾಪಸ್ ಬರುವಾಗ ಮೇಷ್ಟ್ರು ದಾರಿಯಲ್ಲಿ ಎರಡು ಸಲ ಮೊಪೆಡ್ ನಿಲ್ಲಿಸಿ ಇಳಿದರು, ಅತ್ತಿತ್ತ ನಡೆದರು, ಮತ್ತೆ ಹತ್ತಿದರು. ಕೊನೆಗೆ, “ಹಾಳೆ ಮ್ಯಾಲೆ ಸುಳ್ಳು ಬರಿಯಕ್ಕಾಗಲ್ಲ ಕಣಯ್ಯ. ಹುಲ್ಲು ಕೀಳಕ್ ಹೋಗ್ಬಾರ್ದು ಅಂತ ಎಲ್ಲೂ ಬರ್ದಿಲ್ವಲ್ಲ” ಅಂದರು.

ಅಲ್ಲಿಂದ ಪ್ರತಿ ವರ್ಷ, ನಿವೃತ್ತರಾದ ಮೇಲೂ, ಮಳೆ ಮುಗಿದೊಡನೆ ಅವರು ಕೊಂಡ್ಲಹಳ್ಳಿಗೆ ಹೋಗುತ್ತಿದ್ದರು. ಮೈದುನ ಹೊಲದಲ್ಲಿರುವ ಹೊತ್ತು ನೋಡಿಕೊಂಡು ಬದುವಿನ ಮೇಲೆ ಮಂಡಿಯೂರಿ, ಅಳತೆ ಹಿಡಿದು, ಹುಲ್ಲು ಕೀಳುತ್ತಿದ್ದರು. ಅದೇ ಮಾಮೂಲಿ ಹೆಸರಿನ ಹಾಳೆಗಳು ನಮ್ಮ ಬೀರುವಿನಲ್ಲಿ ಆರಾದವು.

ಏಳನೆಯ ವರ್ಷ ಅವರು ತೀರಿಕೊಂಡರು. ಸುದ್ದಿ ಹೇಳಲು ನಾನೊಬ್ಬನೇ ಹೋದೆ. ಬೋರಕ್ಕ ಸೆರಗು ಬಾಯಿಗೊತ್ತಿಕೊಂಡು ಬದುವಿನ ಮೇಲೆಯೇ ಕೂತಳು. ಆಚೆ ಹೊಲದಲ್ಲಿ ಮೈದುನ ಎತ್ತು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ನಾನು ಬಗ್ಗಿ ಹುಲ್ಲಿಗೆ ಚಾಕು ಹಾಕಿದೆ.

“ಕೊಯ್ಯಬ್ಯಾಡಪ್ಪ,” ಅಂದಳು ಬೋರಕ್ಕ, ಕಣ್ಣೊರೆಸಿಕೊಂಡು. “ಬೇರು ಸಮೇತ ಕೀಳು. ಮೇಷ್ಟ್ರು ಹಂಗೇ ಕೀಳ್ತಿದ್ರು.”