ಕರೆಯಲು ಹೋಗದ ಪಂಚಮಿಗಳು

ಪರೀಕ್ಷೆಗೆ ಬನ್ನಿ ಎಂದರೆ ಬಾರದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೂತ್ರಪಿಂಡ ದಾನ ಮಾಡಿದವರು ಮುಂದೆ ಹೇಗಿರುತ್ತಾರೆ ಎಂಬುದೇ ನನ್ನ ಸಂಶೋಧನೆ. ವರ್ಷಕ್ಕೊಮ್ಮೆ ಎಲ್ಲ ದಾನಿಗಳಿಗೂ ಅಚ್ಚಾದ ಪತ್ರ ಹೋಗುತ್ತದೆ: ಗೋಕಾಕದ ನನ್ನ ದವಾಖಾನೆಗೆ ಬಂದು ರಕ್ತ ಕೊಡಿ, ಬಿಪಿ ನೋಡಿಸಿಕೊಳ್ಳಿ. ಬಾರದವರ ಮುಂದೆ ‘ಸಂಪರ್ಕ ತಪ್ಪಿದೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತೇನೆ.

ಹಾಗೆ ತಪ್ಪಿಹೋದವರಲ್ಲಿ ನಮ್ಮಕ್ಕನೂ ಒಬ್ಬಳು. ಅವಳು ಕೊಟ್ಟ ಮೂತ್ರಪಿಂಡ ನನ್ನ ಹೊಟ್ಟೆಯಲ್ಲೇ ಇದೆ.

ಅವ್ವ ತೀರಿಕೊಂಡ ಮೇಲೆ ಹುಕ್ಕೇರಿಯ ಮನೆಗೆ ಬೀಗ ಬಿತ್ತು. ನಾನು ಗೋಕಾಕದಲ್ಲಿ ಒಬ್ಬನೇ. ಮೂರು ವರ್ಷ ಅಕ್ಕನಿಂದ ಉತ್ತರ ಬರಲಿಲ್ಲ. ಎಷ್ಟು ಸೊಕ್ಕು ನೋಡು ಎಂದುಕೊಂಡು ನಾನೂ ಸುಮ್ಮನಾದೆ. ಭಾನುವಾರ ಒಬ್ಬನೇ ಉಣ್ಣಲು ಕೂತಾಗ ಮಾತ್ರ ಅವಳ ನೆನಪಾಗುತ್ತಿತ್ತು.

ಈ ಸಂಶೋಧನೆಯ ಲೇಖನ ಕಳಿಸಿದಾಗ ವೈದ್ಯಕೀಯ ಪತ್ರಿಕೆಯ ಸಂಪಾದಕರು ಕೇಳಿದರು: ತಪ್ಪಿಹೋದವರನ್ನು ಹುಡುಕಿದಿರಾ? ಹುಡುಕುವುದೇನು ಬಂತು, ಕಲ್ಲೋಳಿಯಲ್ಲಿ ಅಕ್ಕನ ಮನೆ ಎಲ್ಲಿದೆ ಅಂತ ನನಗೆ ಗೊತ್ತಿಲ್ಲವೇ? ಮರುದಿನ ಬಿಪಿ ಯಂತ್ರ ಹಿಡಿದು ಅದೇ ದಾರಿಯ ಮೂಡಲಗಿ ಬಸ್ಸು ಹತ್ತಿದೆ.

ಅಕ್ಕ ಕಾಲಿಗೆ ನೀರು ಕೊಟ್ಟು ಮುಖ ಆಚೆ ತಿರುಗಿಸಿದಳು.

“ಯಾಕ ಬರಲಿಲ್ಲಬೇ? ಪತ್ರಾ ಮುಟ್ಟಿಲ್ಲೇನು?”

“ಮುಟ್ಟ್ಯಾವು. ಪೋಸ್ಟಮನ್ ಬಂದ, ನೀ ಬರಲಿಲ್ಲ. ಪಂಚಮಿಗೆ ಓಣ್ಯಾನ ಹೆಣ್ಮಕ್ಕಳನ್ನೆಲ್ಲಾ ಅಣ್ಣತಮ್ಮಂದಿರು ಬಂದು ಕರಕೊಂಡು ಹೋದ್ರು. ಕಿಡ್ನಿ ತಗೊಂಡಾತಲ್ಲ, ಇನ್ನ ಅಕ್ಕನ ಜರೂರಿ ಏನೈತಿ ಅಂತ ಮಂದಿ ನಗತಿದ್ರು. ಕರಿಯಾಕ ಬರದಿದ್ರ ನಾ ಯಾವ ಮಾರಿ ಹೊತ್ತಕೊಂಡು ಬರಲಿ?”

ಅಯ್ಯೋ ಶಿವನೇ! ನಾಗರಪಂಚಮಿಗೆ ಅಣ್ಣತಮ್ಮಂದಿರು ಉಂಡಿ ಕಟ್ಟಿಕೊಂಡು ಹೋಗಿ ಕರೆಯದಿದ್ದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿನ ಹೊಸ್ತಿಲು ತುಳಿಯುವುದಿಲ್ಲ. ಇದು ನನಗೆ ಗೊತ್ತಿರದ ಸಂಗತಿಯೇ? ತಮ್ಮನ ದವಾಖಾನೆಯೂ ಅವಳಿಗೆ ತವರೇ ಎಂಬುದು ಮಾತ್ರ ಹೊಳೆದಿರಲಿಲ್ಲ.

ಬಿಪಿ ನೋಡಿದೆ. ನಂಬದೆ ಇನ್ನೊಂದು ಕೈಗೆ ಪಟ್ಟಿ ಕಟ್ಟಿ ನೋಡಿದೆ. ಅಂದೇ ಗೋಕಾಕಕ್ಕೆ ಕರೆತಂದು ರಕ್ತ ತೆಗೆಸಿದೆ. ಅವಳಿಗೆ ಉಳಿದಿದ್ದ ಒಂದೇ ಮೂತ್ರಪಿಂಡ ಅರ್ಧಕ್ಕಿಂತ ಹೆಚ್ಚು ಕೆಟ್ಟಿತ್ತು. ಬಿಪಿ ಏರಿದಾಗಲೇ ಗೊತ್ತಾಗಿದ್ದರೆ ದಿನಕ್ಕೊಂದು ಗುಳಿಗೆ ಕೊಟ್ಟು ತಡೆಯಬಹುದಿತ್ತು. ನನ್ನ ಲೇಖನದಲ್ಲಿ ನಾನೇ ಹಾಗೆಂದು ಬರೆದಿದ್ದೇನೆ.

ಅಕ್ಕ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ನಿನ್ನ ಹೊಟ್ಟ್ಯಾಗಿಂದು ಚೊಲೊ ನಡದೈತಿಲ್ಲೊ?”

“ನಡದೈತಿ.”

“ಮತ್ತ ಯಾಕ ಅಳಾಕತ್ತಿ, ಖೋಡಿ?”

ಈ ಪಂಚಮಿಗೆ ಉಂಡಿ ಕಟ್ಟಿಸಿಕೊಂಡು ಕಲ್ಲೋಳಿಗೆ ಹೋದೆ: ಶೇಂಗಾದ್ದು, ಎಳ್ಳಿನದು, ಒಣಕೊಬ್ಬರಿಯದು. ಓಣಿಯವರೆಲ್ಲ ನೋಡಲಿ ಎಂದು ಡಬ್ಬಿಯನ್ನು ಕೈಯಲ್ಲೇ ಹಿಡಿದಿದ್ದೆ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಡಬ್ಬಿ ತೆರೆದಳು, ಆಮೇಲೆ ಗೋಡೆಗೆ ಅಂಟಿಸಿದ್ದ ಪಥ್ಯದ ಚೀಟಿಯ ಕಡೆ ನೋಡಿದಳು. ನನ್ನದೇ ಕೈಬರಹ. ಶೇಂಗಾ ಬೇಡ, ಎಳ್ಳು ಬೇಡ, ಕೊಬ್ಬರಿ ಬೇಡ.

“ಒಂದರ ತಿನ್ಲೇನೊ ತಮ್ಮಾ?” ಎಂದಳು.

ಒಂದು ಉಂಡಿಯನ್ನು ಎರಡಾಗಿ ಮುರಿದು, ಅರ್ಧವನ್ನು ಅವಳ ಕೈಗಿಟ್ಟೆ.