ಮಾವ ಬೇಡವೆಂದ ದಾರ

ಸಿದ್ದಯ್ಯ ಮಾವ, ನನ್ನ ಗಂಡನನ್ನು ಕೊಂದದ್ದು ನೀವಲ್ಲ. ನೀವೇ ಎಂದು ಹೆಮ್ಮಿಗೆಯ ಮನೆಮನೆಗೆ ಹೇಳಿದವಳು ನಾನು — ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಅವತ್ತು ಮಧ್ಯಾಹ್ನ ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆ ಉಟ್ಟು, ನಾಟಿ ಮಾಡುವ ಹೆಂಗಸರನ್ನು ಕೂರಿಸಿಕೊಂಡು ಹೇಳಿದ್ದೆ: "ಆವು ಕಚ್ಚುದ್ರೆ ಮಂತ್ರ, ದಾರ ಅಂತ ಕೂರ್‍ಬ್ಯಾಡಿ. ಸೀದಾ ಆಸ್ಪತ್ರೆ."

"ನಿಮ್ ಸೋದ್ರಮಾವನ್ ಒಟ್ಟೆ ಮ್ಯಾಲೇ ಒಡಿತೀಯಲ್ಲವ್ವ!" ಎಂದು ಒಬ್ಬಳು ನಕ್ಕಳು. ಹಾವು ಕಚ್ಚಿದವರಿಗೆ ಮಂತ್ರ ಹಾಕಿ ದಾರ ಕಟ್ಟುವುದು ನಿಮ್ಮ ಕಸುಬಲ್ಲವೇ; ನಾನೂ ನಕ್ಕೆ.

ಸಂಜೆ ಗದ್ದೆ ಬದುವಿನಲ್ಲಿ ನನ್ನ ಗಂಡನಿಗೇ ಹಾವು ಕಚ್ಚಿತು. ಅಷ್ಟರಲ್ಲಿ ಸೀರೆ ಬದಲಾಯಿಸಿದ್ದೆ. ಅದರ ಜೊತೆ ಆ ಮಾತನ್ನೂ ಮಡಚಿಟ್ಟಿದ್ದೆನೇನೋ — ಅದು ಊರಿಗೆ ಹೇಳುವುದು, ಮನೆಯದು ಬೇರೆ. ನೀವು ದಾರ ಕಟ್ಟುವುದನ್ನು ನೋಡುತ್ತಲೇ ಬೆಳೆದವಳು. ಆಸ್ಪತ್ರೆಗೆಂದು ಬಂದ ಆಟೋವನ್ನು ನಿಮ್ಮ ಮನೆಗೆ ತಿರುಗಿಸಿದೆ.

ಗಾಯ ನೋಡಿದ ಕೂಡಲೇ ನೀವು ಹಿಂದೆ ಸರಿದಿರಿ. "ನಾಗ್ರಾವು ಕಣವ್ವ. ನನ್ ಕೈಲಾಗಕ್ಕಿಲ್ಲ. ನರಸೀಪುರದ್ ಆಸ್ಪತ್ರೆಗೆ ಓಗಿ, ನಿಲ್‍ಬ್ಯಾಡಿ."

ನಾನು ಕಾಲು ಹಿಡಿದೆ. "ಒಂದ್ ದಾರ ಕಟ್‍ಬುಡಿ ಮಾವ, ಆಮೇಲ್ ಓಯ್ತೀವಿ."

ಮತ್ತೆ ಬೇಡ ಅಂದಿರಿ. ನಾನು ಬಿಡಲಿಲ್ಲ. ಕೊನೆಗೆ ಕಟ್ಟಿದಿರಿ. ಮಂತ್ರ ಮುಗಿಯುವಷ್ಟರಲ್ಲಿ ನನ್ನ ಗಂಡನ ರೆಪ್ಪೆಗಳು ಜೋತುಬಿದ್ದಿದ್ದವು. ನರಸೀಪುರ ಮುಟ್ಟುವ ಮೊದಲೇ —

ಹೆಣ ಅಂಗಳದಲ್ಲಿರುವಾಗಲೇ ಹೇಳತೊಡಗಿದೆ: ಮಾವ ಹೋಗಗೊಡಲಿಲ್ಲ, ತಡೆದು ಕೂರಿಸಿಕೊಂಡರು. ನಿಮ್ಮ ಜಗಲಿಗೆ ಜನ ಬರುವುದು ನಿಂತಿತು. ಮದುವೆ ಊಟದಲ್ಲಿ ನಿಮ್ಮ ಪಕ್ಕದ ಎಲೆ ಖಾಲಿ ಉಳಿಯಿತು. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು ಮಾವ. ಗುಲಾಬಿ ಸೀರೆ ಉಟ್ಟು ನಿಮ್ಮ ಕಥೆಯನ್ನೇ ಹೇಳಿದೆ. ಅದನ್ನು ಕೇಳಿ ಆಸ್ಪತ್ರೆಗೆ ಹೋಗಿ ಬದುಕಿದವರೂ ಇದ್ದಾರೆ — ಆ ಪುಣ್ಯ ನನ್ನದೆನ್ನಲು ಬಾಯಿ ಬರುವುದಿಲ್ಲ.

ನೀವು ಒಂದು ದಿನವೂ ನಿಜ ಹೇಳಲಿಲ್ಲ. ಅದಕ್ಕೂ ನಿಮ್ಮ ಮೇಲೆ ಸಿಟ್ಟಿದೆ. ಬೇಡವೆಂದವರು ಯಾಕೆ ಕಟ್ಟಿದಿರಿ? ನನ್ನ ಕೆನ್ನೆಗೆ ಬಾರಿಸಿ ಕಳಿಸಬಾರದಿತ್ತೇ? ... ಇಲ್ಲ, ಮತ್ತೆ ನಿಮ್ಮ ಮೇಲೇ ಹಾಕುತ್ತಿದ್ದೇನೆ.

ಈಗ ನೀವು ಹಾಸಿಗೆ ಹಿಡಿದಿದ್ದೀರಿ. ನಿನ್ನೆ ನನ್ನ ಮಗ ಹೇಳಿದ: "ಆ ಮುದ್ಕ ಸತ್ರೆ ನಾನಂತೂ ಎಗಲು ಕೊಡಕ್ಕಿಲ್ಲ ಕಣವ್ವ." ಅವನ ದನಿಯಲ್ಲಿ ನನ್ನದೇ ಹಗೆ ಕೇಳಿಸಿತು. ಅಪ್ಪ ಸತ್ತಾಗಿನಿಂದ ಅನ್ನದ ಜೊತೆ ಕಲಸಿ ಉಣ್ಣಿಸಿದ್ದೆನಲ್ಲ.

ಇವತ್ತು ಅವನನ್ನು ನಿಮ್ಮ ಬಳಿಗೆ ಕರೆತರುತ್ತೇನೆ. ಅವತ್ತು ಕಾಲು ಹಿಡಿದವಳು ಯಾರು, ಬೇಡವೆಂದವರು ಯಾರು ಎಂದು ನಿಮ್ಮೆದುರೇ ಹೇಳುತ್ತೇನೆ. ಅವನ ಸಿಟ್ಟು ಸೇರಬೇಕಾದವಳಿಗೇ ಸೇರಲಿ. ನನಗೆ ಹೆಗಲು ಕೊಡದಿದ್ದರೂ, ನಿಮಗೆ ಕೊಡಲಿ.