ಹೆಸರಿಲ್ಲದವಳಿಗೆ ಉಡಿ

ಚಿತ್ತವಾಡ್ಗಿಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು ನಾನು. ಯಾರಿಂದಲೂ ಸುಮ್ಮನೆ ಏನನ್ನೂ ಪಡೆದವಳಲ್ಲ. ಆದರೆ ನನ್ನ ಮಗಳು ಹುಟ್ಟಿದ್ದು ಬೇರೊಬ್ಬ ಹೆಣ್ಣುಮಗಳು ಕೊಟ್ಟ ಅಂಡಾಣುವಿನಿಂದ. ಮಗುವಿಗೆ ಮೂರು ತಿಂಗಳಾದಾಗ ಅಕ್ಕಿ, ತೆಂಗಿನಕಾಯಿ, ಹಸಿರು ಕುಪ್ಪಸದ ಖಣ ಹಿಡಿದು ನನಗೆ ಆ ಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಹೋದೆ.

“ಆಕಿಗೆ ಉಡಿ ತುಂಬಬೇಕ್ರಿ ಸಿಸ್ಟರ್.”

“ಆಕಿ ಯಾರಂತ ಹೇಳಂಗಿಲ್ಲಕ್ಕ. ಕಾನೂನು ಐತಿ.”

“ಹೆಸರು ಬ್ಯಾಡ್ರಿ. ಕುಪ್ಪಸದ ಅಳತಿ ಹೇಳ್ರಿ ಸಾಕು. ಹೊಲಿದು ಕೊಡ್ತೀನಿ, ನೀವೇ ಮುಟ್ಟಿಸ್ರಿ.”

ಸಿಸ್ಟರ್ ನನ್ನ ಮಗಳ ಕೆನ್ನೆ ಸವರಿದರು. “ಅದನ್ನೂ ಹೇಳಂಗಿಲ್ಲ. ಹಠ ಮಾಡಬ್ಯಾಡ್ರಿ, ಮನಿಗೆ ಹೋಗ್ರಿ.”

ಅಕ್ಕಿ, ಕಾಯಿ ಮನೆಯ ಅಡುಗೆಗೆ ಹೋದವು. ಖಣಕ್ಕೆ ಇನ್ನೂ ಕತ್ತರಿ ಹಾಕಿಲ್ಲ. ಮಗಳು ದೊಡ್ಡವಳಾದ ಮೇಲೆ ಅವಳ ಅಳತೆಗೇ ಹೊಲಿಯುತ್ತೇನೆ. ಆಕೆಯ ಅಳತೆಯೂ ಹೆಚ್ಚುಕಡಿಮೆ ಅದೇ ಇರಬಹುದು. ಅದನ್ನು ಮುಚ್ಚಿಡುವ ಕಾನೂನು ಇನ್ನೂ ಬಂದಂತಿಲ್ಲ.